ಕೆಳಗಿನ ಸಾಲಿನ ಗೇಣು

ಗಾಜು ಕೂಡಲಿಲ್ಲ.

ಶಿಗ್ಗಾವಿಯ ಚನ್ನೇಶ ಕೊಯ್ದ ಗಾಜು ಕಪಾಟಿನ ಖಾನೆಯಲ್ಲಿ ಕೂಡಲಿಲ್ಲವೆಂದರೆ ತಪ್ಪು ಗಾಜಿನದಲ್ಲ, ನನ್ನದಂತೂ ಮೊದಲೇ ಅಲ್ಲ. ನನ್ನ ಗಾಜು ಬರುತ್ತಿದೆಯೆಂದು ಗೊತ್ತಾದರೆ ಚೌಕಟ್ಟುಗಳು ತಾವಾಗಿಯೇ ಸರಿದು ಜಾಗ ಕೊಡುತ್ತವೆ ಎಂಬ ಮಾತು ಬೆಳಗಾವಿಯವರೆಗೂ ಹಬ್ಬಿದೆ. ಹಬ್ಬಿಸಿದವನು ನಾನೇ ಇರಬಹುದು. ಆದರೆ ಹಬ್ಬಿರುವುದು ನಿಜ.

“ಒತ್ತಬ್ಯಾಡೋ ತಮ್ಮಾ, ಒಡದೀತು,” ಎಂದರು ಖಾದರಸಾಬರು.

ಅವರು ಕುರ್ಚಿಯಲ್ಲಿ ಕುಳಿತಿದ್ದರು. ಕಣ್ಣಿನ ಆಪರೇಷನ್ ಆದವರಿಗೆ ಕೊಡುವ ಅಗಲವಾದ ಕರಿ ಕನ್ನಡಕ. ಬಸ್ಸಿನ ಸ್ಟೇರಿಂಗ್ ಬಿಟ್ಟು ಎಷ್ಟೋ ವರ್ಷವಾದರೂ ಅವರ ಬಲಗಾಲು ಈಗಲೂ ನೆಲದಲ್ಲಿ ಬ್ರೇಕು ಹುಡುಕುತ್ತಿತ್ತು. ನಾನು ಗಾಜು ಒತ್ತಿದಾಗಲೆಲ್ಲ ಆ ಕಾಲು ಗಟ್ಟಿಯಾಗಿ ಊರುತ್ತಿತ್ತು.

ಕಳೆದ ವಾರ ಬಂಕಾಪುರದ ಬಡಗಿ ದಾದಾಪೀರ, ತಾನು ಸವಣೂರಿನ ಈ ಮನೆಗೆ ಕಾಲಿಟ್ಟೇ ಇಲ್ಲವೆಂದು ಆಣೆ ಮಾಡಿ ನನ್ನ ಕೈಯಿಂದ ಪಾರಾಗಿದ್ದ. ಗಾಜು ನನ್ನ ಕಸುಬು, ಪತ್ತೇದಾರಿ ನನ್ನ ಹುಟ್ಟುಗುಣ; ಆದರೂ ಈ ಕಪಾಟಿನಿಂದ ಕಾಣೆಯಾದ ತಗಡಿನ ಆಟಿಕೆ ಬಸ್ಸು ಇನ್ನೂ ಕಾಣೆಯಾಗಿಯೇ ಇತ್ತು.

ಮೇಲಿನ ಸಾಲುಗಳಿಗೆಲ್ಲ ಗಾಜು ಸರಾಗವಾಗಿ ಇಳಿದಿತ್ತು. ಕೆಳಗಿನ ಸಾಲೊಂದೇ ಹಟ ಹಿಡಿದದ್ದು. ಒಂದು ಬೆರಳಿನ ದಪ್ಪದಷ್ಟು ಗಾಜು ಹೊರಗೇ ಉಳಿಯುತ್ತಿತ್ತು.

“ಸಾಬ್ರ, ಎಲ್ಲಾ ಖಾನಿ ಒಂದ ಎತ್ತರ ಅಂದಿದ್ರಿ ನೀವು.”

“ಅಂದಿದ್ದೆ. ಎಲ್ಲಾ ಒಂದೊಂದ ಗೇಣು. ಗೇಣಿನ ಅಳತಿ ದಾರಾ ಕಳಿಸಿದ್ನೆಲ್ಲೋ ನಿನಗ.”

ಕಳಿಸಿದ್ದು ಹೌದು. ತಮ್ಮ ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಅಳೆದು ಕತ್ತರಿಸಿದ ಕೆಂಪು ದಾರದ ತುಂಡನ್ನು ಶಿಗ್ಗಾವಿ ಬಸ್ಸಿನ ಡ್ರೈವರನ ಕೈಯಲ್ಲಿ ನನ್ನ ಫೋಟೋ ಫ್ರೇಮಿನ ಅಂಗಡಿಗೆ ಕಳಿಸಿದ್ದರು. ಅದೇ ಅಳತೆಗೆ ಎಲ್ಲ ಗಾಜೂ ಕೊಯ್ದಾಯಿತು. ಒಮ್ಮೆ ಹೋಗಿ ಟೇಪು ಹಿಡಿದು ಬನ್ನಿ ಎಂದು ನನ್ನ ಹೆಂಡತಿ ತನುಜಾ ಬಡಿದುಕೊಂಡಿದ್ದಳು. ಅವಳು ಹಿರೇಕೆರೂರ ಕಡೆಯ ಹೆಣ್ಣು. ನಾನಿಲ್ಲದಾಗ ಅಂಗಡಿಯಲ್ಲಿ ಗಾಜೂ ಕೊಯ್ಯುತ್ತಾಳೆ. ಒಲೆಯ ಮುಂದೆ ಮಾತಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಹೂಂಗುಡುತ್ತಾರೆ. ನಾನು ಆಗ ದೇಶವೇ ನಡುಗುವಂಥ ಎಮ್ಮೆ ಕಳ್ಳತನದ ಕೇಸಿನಲ್ಲಿ ಮುಳುಗಿದ್ದೆ. ಹೀಗಾಗಿ ಗಾಜಿನ ಪೆಟ್ಟಿಗೆಯನ್ನು ಅವಳೇ ಬಸ್ಸಿನಲ್ಲಿ ಸವಣೂರಿಗೆ ತಂದು ಇಳಿಸಿ ಬಂದಿದ್ದಳು. ಪ್ರತಿ ಗಾಜಿನ ಮೂಲೆಗೂ ಮೇಣಬತ್ತಿ ತಿಕ್ಕಿ ತಂದಿದ್ದಳು. ಕೂಡಿಸುವವರ ಬೆರಳು ಕೊಯ್ಯಬಾರದಂತೆ! ಈ ಭೂಮಂಡಲದಲ್ಲಿ ಗಾಜಿಗೆ ಮೇಣ ಹಚ್ಚುವವಳು ಅವಳೊಬ್ಬಳೇ. ಎಷ್ಟು ನಕ್ಕರೂ ಬಿಡುವುದಿಲ್ಲ.

ಮೊದಲೇ ಅಳೆಯಬೇಕಿತ್ತು ಎಂದು ನೀವೂ ಅನ್ನುತ್ತೀರಿ. ಅನ್ನಿ. ಅಳೆದಿದ್ದರೆ ಈ ಕೇಸು ಬಿಚ್ಚುತ್ತಿತ್ತೇ? ಅಳೆಯದೆ ಬಿಟ್ಟದ್ದೇ ನನ್ನ ತಂತ್ರ ಎಂದು ತಿಳಿಯಿರಿ.

“ಸಾಬ್ರ, ನಿಮ್ಮ ಎಡಗೈ ಕೊಡ್ರಿ.”

ಬಲಗೈಯಲ್ಲಿ ಸೀಸದ ಕಡ್ಡಿ ಹಿಡಿಯುವವರು ಗೇಣು ಹಾಕುವುದು ಎಡಗೈಯಿಂದ. ಅವರ ಕೈ ಹಿಡಿದು ಮೇಲಿನ ಖಾನೆಯೊಳಗೆ ನಿಲ್ಲಿಸಿದೆ. ಹೆಬ್ಬೆರಳು ತಳಕ್ಕೆ, ಕಿರುಬೆರಳು ಮಾಳಿಗೆಗೆ. ಕೂದಲಿನಷ್ಟೂ ಸಂದಿಲ್ಲ. ಕೆಳಗಿನ ಖಾನೆಯಲ್ಲಿ ನಿಲ್ಲಿಸಿದೆ. ಕೈ ಬಿಚ್ಚಿಕೊಳ್ಳಲೇ ಇಲ್ಲ. ಕಿರುಬೆರಳು ಮಡಚಿಕೊಂಡು ಕುಳಿತಿತು.

“ಈ ಸಾಲು ನಿಮ್ಮ ಕೈಯಿಂದ ಆಗಿದ್ದಲ್ಲ.”

“ಅದನ್ನ ನಾನೂ ಹೇಳತೇನಿ. ನಾ ಹುಬ್ಬಳ್ಳ್ಯಾಗ ಮಗಳ ಮನ್ಯಾಗ ಕಣ್ಣ ಕಟಗೊಂಡು ಬಿದ್ದಾಗ ದಾದಾಪೀರ ಬಂದು ಮುಗಿಸಿದ ಅಂತ ಈಕಿ ಹೇಳಿದ್ಲು.”

ಈಕಿ ಎಂದರೆ ಅವರ ಹೆಂಡತಿ ಮಾಬೂಬಿ. ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದವರು ಆ ಮಾತಿಗೆ ಸುಲಿದ ಎಸಳನ್ನೇ ಮತ್ತೆ ಸುಲಿಯತೊಡಗಿದರು.

ದಾದಾಪೀರ ಟೇಪಿಲ್ಲದೆ ಮೊಳೆಯನ್ನೂ ಹೊಡೆಯದವನು. ಗೇಣು ಹಾಕುವವನು ಅಲ್ಲ. ಇಲ್ಲಿ ಬೇರೆ ಯಾರೋ ಬಂದಿದ್ದರು. ಖಾದರಸಾಬರ ಹಾಗೆ ಕೈಯಿಂದಲೇ ಅಳೆಯುವವರು. ಎಲ್ಲ ಒಂದೊಂದು ಗೇಣು ಎಂದು ತಿಳಿದು, ತಮ್ಮ ಗೇಣು ಗಿಡ್ಡ ಎಂಬುದನ್ನು ಮರೆತವರು.

ಆ ಕಪಾಟನ್ನು ನೀವು ನೋಡಬೇಕು. ಮೈಸೂರು ಅರಮನೆಯಲ್ಲೂ ಅಂಥದ್ದಿಲ್ಲ. ನಾನು ಮೈಸೂರು ಅರಮನೆ ನೋಡಿಲ್ಲ, ಆದರೂ ಇಲ್ಲ. ಹಳೆಯ ಬಸ್ಸಿನ ನೆಲಹಲಗೆಗಳನ್ನು ಗುಜರಿಯಿಂದ ತಂದು, ಉಜ್ಜಿ, ಖಾದರಸಾಬರೇ ಕೊಯ್ದು ಕೂಡಿಸಿದ್ದು. ಕೆಲವು ಹಲಗೆಗಳಲ್ಲಿ ಪ್ರಯಾಣಿಕರ ಚಪ್ಪಲಿ ಸವೆಸಿದ ಹೊಳಪು ಇನ್ನೂ ಇತ್ತು. ಖಾನೆಗೊಂದು ಬಸ್ಸು. ಎಣ್ಣೆ ಡಬ್ಬಿಯ ತಗಡಿನ ಮೈ, ಹವಾಯಿ ಚಪ್ಪಲಿಯ ಗಾಲಿ, ಅಂಗಿ ಗುಂಡಿಯ ದೀಪ. ಪ್ರತಿ ಖಾನೆಯ ಹಿಂಗೋಡೆಗೆ ಆ ಗಾಡಿ ಮುಟ್ಟುವ ಊರಿನ ಚಿತ್ರ: ಬಂಕಾಪುರದ ಗಾಡಿಗೆ ನವಿಲು, ಹಾನಗಲ್ಲಿನ ಗಾಡಿಗೆ ಕೆರೆ. ಪ್ರತಿ ಗಾಡಿಯ ಹಿಂದಿನ ಗಾಲಿಗೆ ಒಂದೊಂದು ಹರಳುಗಲ್ಲು, ಉರುಳಬಾರದೆಂದು.

ಮೇಲಿನ ಸಾಲಿನ ಮೊದಲ ಖಾನೆಯಲ್ಲಿ ಮಾತ್ರ ಬರೀ ಕಲ್ಲು.

ಅಲ್ಲಿದ್ದದ್ದು ಹಿರೇಕೆರೂರ ಗಾಡಿ. ಒಯ್ದವರು ಕಲ್ಲನ್ನು ಎಸೆದಿರಲಿಲ್ಲ. ಒಂದು ಬದಿಗೆ ಜೋಪಾನವಾಗಿ ಇಟ್ಟಿದ್ದರು. ಕಳ್ಳರು ಹಾಗೆ ಮಾಡುವುದಿಲ್ಲ. ಮತ್ತೆ ತಂದು ನಿಲ್ಲಿಸುವ ಮನಸ್ಸಿದ್ದವರು ಮಾಡುತ್ತಾರೆ.

“ಉಳದ ಗಾಡಿ ಎಲ್ಲಾ ಹೋಗಲಿ ಬೇಕಾದ್ರ,” ಎಂದರು ಖಾದರಸಾಬರು. “ಅದೊಂದ ಬೇಕು ಚನ್ನೇಶಪ್ಪ. ಅದರ ಬಾಗಲದಾಗ ಪರಮೇಶಿ ನಿಂತಾನ.”

ಬಾಗಿಲಲ್ಲಿದ್ದದ್ದು ತಗಡಿನ ಬೊಂಬೆ. ಪರಮೇಶಿ ಎಂದರೆ ಹಾನಗಲ್ಲಿನ ಪರಮೇಶಪ್ಪ. ಖಾದರಸಾಬರ ಗಾಡಿಯ ಕಂಡಕ್ಟರ್. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಇಪ್ಪತ್ತು ವರ್ಷದ ಹಿಂದೆ ಹಿರೇಕೆರೂರ ಹಾದಿಯಲ್ಲಿ, ಪರಮೇಶಪ್ಪ ಬಾಗಿಲಲ್ಲಿ ನಿಂತಿದ್ದಾಗಲೇ ಗಾಡಿ ಹೊರಟಿತು. ಬಾಗಿಲು ಬಡಿದು ಎಡಗೈಯ ಕಿರುಬೆರಳು ಜಜ್ಜಿಹೋಯಿತು. ರೈಟ್ ಅಂದೆ ನೀನು ಎಂದರು ಖಾದರಸಾಬರು. ನಾನು ಅಂದೇ ಇಲ್ಲ ಎಂದರು ಪರಮೇಶಪ್ಪ. ಅಷ್ಟೇ. ಆಮೇಲೆ ಇಬ್ಬರೂ ಬೇರೆ ಬೇರೆ ಗಾಡಿ ಹತ್ತಿದರು, ಬೇರೆ ಬೇರೆ ಬುತ್ತಿ ಬಿಚ್ಚಿದರು.

“ನಾ ರೈಟ್ ಕೇಳಿದ್ದು ಖರೇ ಐತಿ. ಆಂವನ ದನೀನ ಅದು. ಆದ್ರ ಗಾಡಿ ಬಿಟ್ಟಾಂವ ನಾನು. ಬೆರಳು ಆಂವಂದು.” ಅವರು ಕನ್ನಡಕ ಸರಿಪಡಿಸಿಕೊಂಡರು. “ಗಾಜು ಹಾಕಿದ ಮ್ಯಾಲೆ ಆಂವನ್ನ ಕರಸಿ, ಆ ಗಾಡಿ ಕೈಯಾಗ ಕೊಟ್ಟು ಮಾಫಿ ಕೇಳಬೇಕಂತ ಮಾಡಿದ್ದೆ. ಬರೇಗೈಲೆ ಹೆಂಗ ಕರೀಲಿ? ಬಾಯಿಲೆ ಹೇಳಾಕ ನನಗ ಬರೂದಿಲ್ಲ. ಬಂದಿದ್ರ ಅವತ್ತ ಹೇಳತಿದ್ದೆ.”

ಗಲ್ಲ ನಡುಗಿತು. ಅಡುಗೆಮನೆಯಿಂದ ಮಾಬೂಬಿ ಬಾಣದಂತೆ ಬಂದರು.

“ಏ, ಅಳಬ್ಯಾಡ್ರಿ! ಕಣ್ಣ ಮಾಗೂ ತನಕ ಒಂದ ಹನಿ ನೀರ ಬರಬಾರ್ದು ಅಂತ ಡಾಕ್ಟರ್ ಹೇಳ್ಯಾರ. ಚನ್ನೇಶಪ್ಪ, ಏನರ ನಗಿ ಮಾತ ಹೇಳ್ರಿ!”

ನಾನು ಎಮ್ಮೆ ಕೇಸನ್ನು ಹೇಳಿದೆ. ಕಳುವಾದ ಎಮ್ಮೆ ಕೊನೆಗೆ ಫಿರ್ಯಾದಿಯ ಹಿತ್ತಿಲಲ್ಲೇ ಸಿಕ್ಕ ಭಾಗ ಬಂದಾಗ ಖಾದರಸಾಬರು ನಕ್ಕರು. ಹನಿ ಒಳಗೇ ನಿಂತಿತು. ಒಂದು ಕಣ್ಣನ್ನು ಹೀಗೆ ಉಳಿಸಿದವನಿಗೆ ಸರ್ಕಾರ ಏನಾದರೂ ಕೊಡಬೇಕು.

ಹೊರಡುವ ಮುಂಚೆ ಕೆಳಗಿನ ಖಾನೆಯ ಎತ್ತರಕ್ಕೆ ಸರಿಯಾಗಿ ಒಂದು ರಟ್ಟು ಕತ್ತರಿಸಿ ಜೇಬಿಗಿಟ್ಟೆ. ಮಾಬೂಬಿ ಬಾಗಿಲ ತನಕ ಬಂದರು.

“ಅವ್ವಾರ, ದಾದಾಪೀರನ ಹೆಸರು ಯಾಕ ಹೇಳಿದ್ರಿ?”

“ಮಾತ ಕೊಟ್ಟೇನ್ರಿ ಒಬ್ಬರಿಗೆ. ಮಾತ ಮುರಿಯಾಕ ಆಗೂದಿಲ್ಲ.” ಒಂದು ಪೊಟ್ಟಣ ನನ್ನ ಕೈಗಿಟ್ಟರು. ಸವಣೂರು ಖಾರಾ, ಬಿಸಿಬಿಸಿ. “ಹಾನಗಲ್ಲಿಗೆ ಹೊಂಟ್ರ ಇದನ್ನ ಒಯ್ರಿ.”

“ಹಾನಗಲ್ಲಿಗೆ ಹೊಂಟೇನಿ ಅಂತ ನಾ ಹೇಳೇ ಇಲ್ಲಲ್ರಿ.”

“ನಾನೂ ಏನೂ ಹೇಳಿಲ್ಲಲ್ರಿ,” ಎಂದು ಬಾಗಿಲು ಮುಂದೆ ಮಾಡಿದರು.

ಬಸ್ ಸ್ಟ್ಯಾಂಡಿನಿಂದ ತನುಜಾಗೆ ಫೋನು ಹಚ್ಚಿದೆ.

“ಕೆಳಗಿನ ಸಾಲಿಗೆ ಬ್ಯಾರೆ ಗಾಜು ಕೊಯ್ಯಬೇಕು. ಆ ಕೆಂಪು ದಾರಕ್ಕಿಂತ ಒಂದ ಬೆರಳು ಕಮ್ಮಿ. ಸಂಜೀಕ ಬಂದು ಕೊಯ್ತೇನಿ.”

“ಮೊದಲ ಅಳೀರಿ ಅಂತ ಹೇಳಿದ್ನಿಲ್ಲೋ? ಜಗತ್ತಿನ ಪತ್ತೇದಾರ, ಟೇಪ ಹಿಡ್ಯಾಕ ಬರೂದಿಲ್ಲ.” ಆಮೇಲೆ ಅವಳಿಗೆ ಒಗ್ಗದ ಸಣ್ಣ ದನಿಯಲ್ಲಿ, “ಆ ಹಿರ್ಯಾರು ಅತ್ತರೇನ್ರಿ?” ಎಂದಳು.

“ನಾ ಇರೂ ತನಕ ಅಳತಾರೇನು? ಈಗ ಹಾನಗಲ್ಲಿಗೆ ಹೊಂಟೇನಿ. ಸಂಜಿಯೊಳಗ ಕಳ್ಳನ ಕೈ ಹಿಡೀತೇನಿ.”

ಅವಳು ಟಕ್ಕೆಂದು ಫೋನು ಇಟ್ಟಳು. ನನ್ನ ಪ್ರತಾಪಕ್ಕೆ ಮಾತು ನಿಂತಿರಬೇಕು ಅಂದುಕೊಂಡೆ.

ಬಂಕಾಪುರದಲ್ಲಿ ಗಾಡಿ ಬದಲಿಸಿ ಹಾನಗಲ್ಲಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಪರಮೇಶಪ್ಪನವರು ಕಟ್ಟೆಯ ಮೇಲೆ ಕುಳಿತು ಕಬ್ಬಿನ ಗಣಿಕೆ ಹೆರೆಯುತ್ತಿದ್ದರು. ಪೊಟ್ಟಣ ಕಂಡದ್ದೇ ಮೂಗು ಅರಳಿತು. ನನ್ನನ್ನು ಕಂಡದ್ದೇ ಎಡಗೈ ಧೋತರದ ಮಡಿಕೆಯೊಳಗೆ ಸೇರಿತು. ಅಪರಾಧಿಯ ಕೈ ಮುಖಕ್ಕಿಂತ ಮೊದಲು ಓಡುತ್ತದೆ ಎಂದು ನಾನು ಯಾವತ್ತೂ ಹೇಳುತ್ತಿರುತ್ತೇನೆ. ಇವತ್ತೇ ಮೊದಲ ಸಲ ಹೇಳುತ್ತಿದ್ದರೂ.

“ಕಾಕಾರ, ನಾ ಕೈ ನೋಡಿ ಭವಿಷ್ಯ ಹೇಳತೇನ್ರಿ. ಎಡಗೈ ಕೊಡ್ರಿ.”

“ಗಂಡಸರದು ಬಲಗೈ ನೋಡೂದು.”

“ನಿವೃತ್ತ ಆದವರದು ಎಡಗೈ ನೋಡೂದ್ರಿ. ಹೊಸ ಪದ್ಧತಿ.”

“ನೋಡ್ರಿ, ನೋಡ್ರಿ, ಛಂದಂಗ ನೋಡ್ರಿ!” ಒಳಗಿನಿಂದ ಅವರ ಹೆಂಡತಿ ಗುತ್ತೆವ್ವ ಸೆರಗು ಬಿಗಿಯುತ್ತ ಬಂದರು. “ಈ ವಯಸ್ಸಿನ್ಯಾಗ ಈ ಮನಷ್ಯಾಗ ಏನ ಗ್ರಹಚಾರ ಹತ್ತೇತಿ ಅಂತ ಹೇಳ್ರಿ. ಹಾವೇರಿಗೆ ಹಲ್ಲಿನ ಡಾಕ್ಟರ್ ಕಡೆ ಹೊಕ್ಕೇನಿ ಅಂತ ದಿನಾ ಹೋಗತಿದ್ರು. ಬರೂ ಮುಂದ ಮೈ ತುಂಬ ಕಟಿಗಿ ಹೊಟ್ಟು! ನಮಗೂ ಹಲ್ಲ ಅದಾವಲ್ಲ, ಕೆತ್ತಿದ್ರ ಹೊಟ್ಟು ಉದುರತೈತೇನು?”

“ಏ, ಸುಮ್ಮನಿರಲೇ.”

“ಯಾಕ ಸುಮ್ಮನಿರಲಿ? ಇದ್ದದ್ದ ನಾಕ ಹಲ್ಲು!”

ನಾನು ರಟ್ಟು ತೆಗೆದು ಕಟ್ಟೆಯ ಮೇಲೆ ನಿಲ್ಲಿಸಿದೆ.

“ಕಾಕಾರ, ಸವಣೂರಿನ ಒಂದ ಕಪಾಟಿನ ಕೆಳಗಿನ ಸಾಲಿನ ಅಳತಿ ಇದು. ಒಂದ ಸಲ ಗೇಣ ಹಾಕ್ರಿ.”

ಅವರು ರಟ್ಟನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಎಡಗೈ ಹೊರಬಂತು. ಕಿರುಬೆರಳು ನಡುವೆಯೇ ಬಾಗಿ, ಕೊಕ್ಕೆಯ ಹಾಗೆ ಒಳಗೆ ತಿರುಗಿತ್ತು. ಆ ಕೈಯನ್ನು ಎಷ್ಟು ಅಗಲಿಸಿದರೂ ಗೇಣು ತುಂಬುವುದಿಲ್ಲ. ಹೆಬ್ಬೆರಳು ರಟ್ಟಿನ ಬುಡಕ್ಕೆ ಇಟ್ಟರು. ಬಾಗಿದ ಬೆರಳಿನ ಗೆಣ್ಣು ರಟ್ಟಿನ ತುದಿಗೆ ಬಂದು ನಿಂತಿತು. ಅಳೆದು ಕತ್ತರಿಸಿದಂತೆ.

“ಗಾಜು ಕೂಡಲಿಲ್ಲೇನು?” ಎಂದರು ಮೆಲ್ಲಗೆ.

“ಕೂಡಲಿಲ್ರಿ.”

“ಥೂ. ಆಂವನ ಗೇಣು ದೊಡ್ಡದು ಅಂತ ನೆನಪ ಇಡಬೇಕಿತ್ತು ನಾನು.”

ಗುತ್ತೆವ್ವ ಗಂಡನ ಪಕ್ಕ ಕುಕ್ಕರಿಸಿದರು. “ಅಂದ್ರ ಹಲ್ಲಿನ ಡಾಕ್ಟರ್?”

“ಇಲ್ಲ. ಖಾದ್ರ್ಯಾನ ಮನಿಗೆ ಹೋಗತಿದ್ದೆ.” ಪರಮೇಶಪ್ಪ ಕಬ್ಬಿನ ತುಂಡನ್ನು ಬದಿಗಿಟ್ಟರು. “ಕಣ್ಣಿಗೆ ಆಪರೇಷನ್ ಆಗೇತಿ ಅಂತ ಸ್ಟ್ಯಾಂಡಿನ್ಯಾಗ ಕೇಳಿದೆ ತಮ್ಮಾ. ಮನಸ ನಿಲ್ಲಲಿಲ್ಲ. ಹೋದ್ರ ಆಂವ ಹುಬ್ಬಳ್ಳ್ಯಾಗ. ಕಪಾಟು ಅರ್ಧಾ ಆಗಿತ್ತು. ತಿರುಗಿ ಬಂದಾಗ ಕಣ್ಣಿಲ್ಲದ ಕೈಲೆ ಕರಗಸ ಹಿಡೀತಾನ, ಬೆರಳ ಕೊಯ್ಕೋತಾನ ಅನಿಸ್ತು. ಬಾಗಲಾ ತೆರದಿಟ್ಟು, ಬಾಜೂ ಮನಿ ಇಮಾಮಬಿನ್ನ ಕಾವಲ ಕೂಡ್ರಿಸಿಕೊಂಡು ಮುಗಿಸಿದೆ. ನನ್ನ ಹೆಸರ ಹೇಳಬ್ಯಾಡ್ರಿ ಅಂತ ಮಾಬೂಬಿ ಕಡಿಂದ ಮಾತ ತಗೊಂಡೆ.”

“ಮತ್ತ ಹಿರೇಕೆರೂರ ಗಾಡಿ? ಎಲ್ಲಿಟ್ಟೀರಿ?”

ಅವರು ತಲೆಯೆತ್ತಿದರು. ನಾನು ಅದೆಷ್ಟೋ ಸಾವಿರ ಸುಳ್ಳುಗಾರರ ಕಣ್ಣು ನೋಡಿದವನು, ಬೆಳಿಗ್ಗೆ ಕನ್ನಡಿಯಲ್ಲಿ ನೋಡುವುದೂ ಸೇರಿ. ಅದು ಸುಳ್ಳಿನ ಕಣ್ಣಾಗಿರಲಿಲ್ಲ.

“ಅದು ಅಲ್ಲಿಲ್ಲೇನು? ನಾ ಒಯ್ದಿಲ್ಲೋ ತಮ್ಮಾ. ಕೈಯಾಗ ಹಿಡದು ನೋಡಿದ್ದು ಖರೇ. ಬಾಗಲದಾಗ ಒಬ್ಬ ತಗಡಿನ ಕಂಡಕ್ಟರ್ ನಿಂತಾನ, ಅವನ ಕಿರುಬೆರಳು ಡೊಂಕೈತಿ. ಅಷ್ಟ ಸಣ್ಣ ಬೊಂಬಿಗೆ ಅಷ್ಟ ಸಣ್ಣ ಬೆರಳು… ಯಾವ ಕಣ್ಣಿಲೆ ಮಾಡಿದ್ನೋ. ಬೆರಳಿಲೆ ಸವರಿ ನೋಡಿದೆ. ಗಾಲಿಗೆ ಕಲ್ಲ ಕೊಟ್ಟು, ಇದ್ದಲ್ಲೇ ಇಟ್ಟ ಬಂದೆ.”

ಗುತ್ತೆವ್ವ ಗಂಡನ ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬೆರಳಿಗೆ ಅಂಟಿದ್ದ ಕಬ್ಬಿನ ನಾರು ಬಿಡಿಸತೊಡಗಿದರು.

“ಕಾಕಾರ, ಒಂದ ಕೇಳತೇನಿ. ಅವತ್ತ ನೀವು ರೈಟ್ ಅಂದಿದ್ರೋ, ಇಲ್ಲೋ?”

“ಹೆಂಗ ಅನ್ನಲಿ? ಒಬ್ಬಾಕಿ ಮುದುಕಿ ಇಳ್ಯಾಕತ್ತಿದ್ಲು. ಒಂದ ಕೈಯಾಗ ಆಕಿ ಗಂಟು, ಒಂದ ಕೈಯಾಗ ಬಾಗಲಾ. ಟಿಕೇಟಿನ ಕಟ್ಟು ಹಲ್ಲಿಲೆ ಕಚ್ಚಿ ಹಿಡದಿದ್ದೆ. ಬಾಯಾಗ ಕಟ್ಟು ಇದ್ದಾಂವ ಒದರತಾನೇನು?”

“ಸಾಬ್ರು ನಿಮ್ಮ ದನೀನ ಕೇಳೇನಿ ಅಂತಾರ.”

“ಕೇಳ್ಯಾನ. ಆಂವ ಸುಳ್ಳ ಹೇಳೂದಿಲ್ಲ. ನನ್ನ ದನೀನ ಅದು.” ಪರಮೇಶಪ್ಪ ನಕ್ಕರು. ಆ ನಗೆಯಲ್ಲಿ ಇಪ್ಪತ್ತು ವರ್ಷದ ದಣಿವಿತ್ತು. “ಹಿಂದಿನ ಸೀಟಿಗೆ ಒಂದ ಸಾಲಿ ಹುಡುಗಿ ಕುಂದರತಿತ್ತು. ಹಿರೇಕೆರೂರಿಗೆ ದಿನಾ ಬರತಿತ್ತು. ಹೋಲ್ಡಾನ್, ರೈಟ್, ಎಲ್ಲಾ ನನ್ನ ಹಂಗ ಅಣಕಸತಿತ್ತು. ಅಗದೀ ನನ್ನ ಹಂಗ! ಗಾಡಿ ಎಲ್ಲಾ ನಗತಿತ್ತು, ನಾನೂ ನಗತಿದ್ದೆ. ಅವತ್ತ ಅಂದಾಕಿ ಆಕಿ. ಮರುದಿನದಿಂದ ನಮ್ಮ ಗಾಡಿ ಹತ್ತಲಿಲ್ಲ.”

“ಗೊತ್ತಿದ್ದೂ ಯಾಕ ಹೇಳಲಿಲ್ರಿ ಸಾಬ್ರಿಗೆ?”

“ಹೇಳಿದ್ರ ಸುದ್ದಿ ಆಕಿ ಊರಿಗೆ ಮುಟ್ಟತಿತ್ತು. ಸಾಲಿ ಬಿಡಸತಿದ್ರು. ಹೆಣ್ಣುಡುಗಿ, ತಮ್ಮಾ. ನನ್ನದು ಬರೇ ಒಂದ ಬೆರಳು.”

ಒಂದು ಬೆರಳು ಮತ್ತು ಒಬ್ಬ ಗೆಳೆಯ, ಎಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಾಬೂಬಿ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದೆ.

“ಚನ್ನೇಶಪ್ಪ! ಗಾಡಿ ಬಂದೇತ್ರಿ! ಇವರು ಮಲಗಿದ್ರು, ನಾ ಆಡಿಗೆ ಸೊಪ್ಪ ಹಾಕಾಕ ಹಿತ್ತಲಕ್ಕ ಹೋಗಿದ್ದೆ. ಬಂದು ನೋಡಿದ್ರ ಹಿರೇಕೆರೂರ ಗಾಡಿ ಅದರ ಜಾಗಾದಾಗ ನಿಂತೇತಿ, ಗಾಲಿಗೆ ಕಲ್ಲೂ ಕೊಟ್ಟೇತಿ!”

ಪರಮೇಶಪ್ಪ ಕಟ್ಟೆಯಿಂದ ಎದ್ದು ನಿಂತರು.

“ಆದ್ರ ಒಳಗ ಒಂದ ಹೊಸಾ ಬೊಂಬಿ ಕುಂತೇತ್ರಿ. ಹಿಂದಿನ ಸೀಟಿನ್ಯಾಗ. ಸಾಲಿ ಹುಡುಗಿ ಬೊಂಬಿ. ಬಾಯಿಗೆ ಕೈ ಅಡ್ಡ ಹಿಡಕೊಂಡೇತಿ. ಎರಡ ಜಡಿ, ಜಡಿಗೆ ಕೆಂಪ ದಾರದ ರಿಬ್ಬನ್.”

ಕೆಂಪು ದಾರ. ನನ್ನ ಅಂಗಡಿಯಲ್ಲೇ ಉಳಿದಿದ್ದ ಗೇಣಿನ ದಾರ ನೆನಪಾಯಿತು.

“ಇನ್ನೊಂದ ಹೇಳೂದ ಮರತೆ. ಕೆಳಗಿನ ಸಾಲಿನ ಮೊದಲನೇ ಖಾನಿಗೆ ಗಾಜು ಕೂಡಿಸ್ಯಾರ. ಹೆಂಗ ಕುಂತೇತಿ ಅಂತೀರಿ! ಮೂಲಿಗೆಲ್ಲಾ ಮೇಣ ಹಚ್ಚೇತಿ, ಕೈಗೆ ನುಣ್ಣಗ ಹತ್ತತೈತಿ. ನೀವ ಕಳಿಸಿದ್ರೇನು?”

ಹುಟ್ಟಿದಾಗಿನಿಂದ ಮಾತಿಗೆ ಬರವಿಲ್ಲದ ನಾನು, ತೊಟ್ಟಿಲಲ್ಲೇ ಸೂಲಗಿತ್ತಿಗೆ ಉತ್ತರ ಕೊಟ್ಟವನು, “ಮೇಣ… ಮೇಣ…” ಎಂದಷ್ಟೇ ತೊದಲಿದೆ.

“ಯಾಕ ತಮ್ಮಾ?” ಎಂದರು ಗುತ್ತೆವ್ವ. “ಮಾರಿ ಯಾಕ ಹಂಗಾತು?”

ಫೋನಿನಲ್ಲಿ ಈಗ ಖಾದರಸಾಬರ ದನಿ. “ನಾ ಅಳಾಕತ್ತಿಲ್ಲ ಚನ್ನೇಶಪ್ಪ. ಈಕಿ ಹಂಗ ಹೇಳತಾಳ. ಆ ಹುಡುಗಿನ್ನ ನೋಡಿದ ಮ್ಯಾಲೆ ನನಗ ಎಲ್ಲಾ ತಿಳೀತು. ನೀ ಹಾನಗಲ್ಲಿನ್ಯಾಗ ಅದಿಯೇನು? ಆಂವ… ಅಲ್ಲೇ ಅದಾನೇನು?”

ನಾನು ಫೋನನ್ನು ಪರಮೇಶಪ್ಪನವರ ಬಾಗಿದ ಬೆರಳಿನ ಕೈಯಲ್ಲಿ ಇಟ್ಟೆ. ಅವರು ಅದನ್ನು ನೋಡಿದರು. ತುಟಿ ಅಲುಗಿದವು. ಕೊನೆಗೆ ಬಂದದ್ದು ಒಂದೇ ಮಾತು.

“ಖಾದ್ರ್ಯಾ, ಊಟ ಆತೇನೋ?”

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ಸದ್ದು. ಅದರ ಹಿಂದೆಯೇ ಮಾಬೂಬಿಯ ಗದರಿಕೆ. ಆಗಲೇ ಇನ್ನೊಂದು ಕರೆ ನಡುವೆ ತೂರಿತು. ತನುಜಾ. ಪರಮೇಶಪ್ಪ ಗಾಬರಿಯಲ್ಲಿ ಎಲ್ಲಿ ಒತ್ತಿದರೋ, ಅವಳ ದನಿಯೇ ಕಟ್ಟೆಯ ಮೇಲೆ ಬಂತು. ಹಿಂದೆ ಎಂಜಿನ್ನಿನ ಗುರುಗುರು.

“ರೀ, ಗಾಡಿ ನೋಡಿರಬೇಕು ಅವರು. ಅವತ್ತ ರೈಟ್ ಅಂದ ಹುಡುಗಿನ್ನೂ, ಅಂದ್ರ ನನ್ನ, ಅದರಾಗ ಕೂಡ್ರಿಸಿ, ತಿರುಗಿ ಇಡಬೇಕಂತ ಒಯ್ದಿದ್ದೆ. ಬೊಂಬಿ ಮ್ಯಾಲೆ ಬೊಂಬಿ ಕೆಟ್ಟು ತಡಾ ಆತು. ಆ ಹಿರ್ಯಾರ ಕಣ್ಣಾಗ ನೀರ ಬಂದಿದ್ರ ನನ್ನಿಂದ ತಡಕೊಳ್ಳಾಕ ಆಗೂದಿಲ್ಲ. ಅವರಿಗೂ, ನಿಮಗೂ ಮಾರಿ ತೋರಸಾಕ ಆಗೂದಿಲ್ಲ. ಸವಣೂರಿನ್ಯಾಗ ಹಿರೇಕೆರೂರ ಗಾಡಿ ಹತ್ತೇನಿ. ತವರಿಗೆ ಹೊಂಟೇನಿ.”

“ತನೂ, ತಡಿ!” ಎಂದೆ. ಎಂಜಿನ್ನಿನ ಸದ್ದು ಏರಿತು. ಅವಳಿಗೆ ಕೇಳಲಿಲ್ಲ.

ಪರಮೇಶಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದರು. ಕತ್ತಿನ ನರ ಉಬ್ಬಿದವು. ಇಪ್ಪತ್ತು ವರ್ಷ ಗಂಟಲಲ್ಲಿ ಕಟ್ಟಿಟ್ಟ ದನಿ ಹೊರಬಂತು. ಕಟ್ಟೆಯ ಕಲ್ಲು ನಡುಗಿತು, ಕೆರೆಯ ಮೇಲಿನ ಹಕ್ಕಿಗಳೆಲ್ಲ ಎದ್ದವು.

“ಹೋಲ್ಡಾನ್!”

ಅಲ್ಲಿ, ಸವಣೂರಿನ ಆ ಬಸ್ಸಿನಲ್ಲಿ, ಬ್ರೇಕು ಕಿರುಚಿತು. ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬಿದ್ದು ಬೈದ ಸದ್ದು. ಡ್ರೈವರ್, ಯಾರದು ಆ ದನಿ ಎಂದು ಕೂಗಿದ.

“ಮಗಳ,” ಎಂದರು ಪರಮೇಶಪ್ಪ, ಈಗ ಪಿಸುಮಾತಿನಲ್ಲಿ. “ಬೆರಳು ಆರೇತವ್ವಾ. ಇಳಿ.”

ಆಮೇಲೆ ಬಾಗಿಲು ತೆರೆದ ಸದ್ದು. ಮತ್ತೆ ಬಾಗಿಲು ಬಡಿದ ಸದ್ದು.

“ರೈಟ್!” ಎಂದ ಅಲ್ಲಿನ ಕಂಡಕ್ಟರ್. ಗಾಡಿ ಹೊರಟಿತು. ಫೋನು ಕಟ್ಟಾಯಿತು.

ತಿರುಗಿ ಹಚ್ಚಿದೆ. ಹತ್ತಲಿಲ್ಲ. ಮುಚ್ಚಿದ ಆ ಬಾಗಿಲಿನ ಯಾವ ಕಡೆ ಇದ್ದಳು ನನ್ನ ತನುಜಾ?